ಈಗ ತಾನೇ ಇತ್ತು

ಎಡಗಾಲಿನ ಮೀನಖಂಡದ ಮೇಲೆ ಒಂಬತ್ತು ಗುಳ್ಳೆಗಳಿವೆ. ಎಣಿಸಿದ್ದೇನೆ. ಭಾನುವಾರ ಕಚ್ಚಿಸಿಕೊಂಡಿದ್ದು, ಇವತ್ತು ಬುಧವಾರ, ತುರಿಕೆ ಇನ್ನೂ ನಿಂತಿಲ್ಲ. ಬೆಳಿಗ್ಗೆ ಮೀಟಿಂಗ್‌ನಲ್ಲಿ ಮೇಜಿನ ಕೆಳಗೆ ಒಂದು ಕಾಲಿನಿಂದ ಇನ್ನೊಂದನ್ನು ಕೆರೆದುಕೊಳ್ಳುತ್ತಾ, ಆ ಸುಖಕ್ಕೆ "ಯೆಸ್, ಯೆಸ್" ಅಂದುಬಿಟ್ಟೆ. ಯಾವ ಕೆಲಸಕ್ಕೆ ಒಪ್ಪಿಕೊಂಡೆನೋ ಶುಕ್ರವಾರ ಗೊತ್ತಾಗುತ್ತದೆ. ಇಷ್ಟೆಲ್ಲ ಆಗಿದ್ದು ಒಂದು ಪ್ರಾಣಿಯ ದೆಸೆಯಿಂದ. ಅದನ್ನು ನಾನು ಇನ್ನೂ ನೋಡಿಲ್ಲ.

ಅಪ್ಪ ಊರಿಂದ ಬಂದು ಎರಡು ತಿಂಗಳಾಯಿತು. ನಯಾಗರ ಆಯಿತು, ಸಿಎನ್ ಟವರ್ ಆಯಿತು, ದೇವಸ್ಥಾನ ಆಯಿತು, ಕಾಸ್ಟ್ಕೋ ನಾಲ್ಕು ಸಲ ಆಯಿತು. ಕೆನಡಾದಲ್ಲಿ ಅಪ್ಪ ಅಮ್ಮಂದಿರಿಗೆ ತೋರಿಸುವ ಪಟ್ಟಿ ಇಲ್ಲಿಗೆ ಮುಗಿಯುತ್ತದೆ, ಅಲ್ವಾ? ಆಮೇಲೆ ಅವರು ಮನೆ ನೋಡಲು ಶುರು ಮಾಡುತ್ತಾರೆ. ಅಪ್ಪ ನೀರಾವರಿಯಲ್ಲಿ ಮೂವತ್ತು ವರ್ಷ ಇಂಜಿನಿಯರ್ ಆಗಿದ್ದವರು. ಅವರ ಕಣ್ಣಿಗೆ, ಅಂದರೆ ಕಿವಿಗೆ, ಬಿದ್ದಿದ್ದು ಕೆಳಗಿನ ಬಚ್ಚಲುಮನೆಯ ನಲ್ಲಿ. ತೊಟ್ಟಿಕ್ಕುತ್ತದೆ. "ರಾತ್ರಿಯೆಲ್ಲಾ ಟಪ್ ಟಪ್ ಅನ್ನುತ್ತೆ, ನಿಮಗೆ ಹೇಗೆ ನಿದ್ದೆ ಬರುತ್ತೋ" ಅಂತ ದಿನಾ ಕೇಳುತ್ತಾರೆ. ನಾವು ಮೇಲಿನ ಮಹಡಿಯಲ್ಲಿ ಮಲಗುತ್ತೇವೆ, ಹಾಗಾಗಿ ಚೆನ್ನಾಗಿಯೇ ಬರುತ್ತದೆ.

ನಲ್ಲಿಯಿಂದ ಅವರ ಗಮನ ಬೇರೆ ಕಡೆ ತಿರುಗಿಸಬೇಕಿತ್ತು. ಆಲ್ಗಾಂಕ್ವಿನ್ ಪಾರ್ಕ್‌ಗೆ ಹೋಗೋಣ ಅಂದೆ. 1893ರಿಂದ ಇರುವ ಪಾರ್ಕು, ನಮ್ಮ ಕಡೆಯ ಹಾಸನ ಜಿಲ್ಲೆಗಿಂತ ದೊಡ್ಡ ಕಾಡು. ಅದರಲ್ಲಿ ಬೀವರ್ ಪಾಂಡ್ ಟ್ರೇಲ್ ಅಂತ ಎರಡೇ ಕಿಲೋಮೀಟರಿನ ದಾರಿ, ಬೀವರ್‌ಗಳು ಕಟ್ಟಿದ ಎರಡು ಕೆರೆಗಳ ಪಕ್ಕ ಸುತ್ತಿಕೊಂಡು ಬರುತ್ತದೆ.

"ಬೀವರ್ ಅಂದ್ರೆ ನೀರುನಾಯಿನಾ?" ಅಪ್ಪ ಕೇಳಿದರು.

"ಅಲ್ಲ, ಅದು ಬೇರೆ. ಇದು ಇಲಿ ಜಾತಿ."

"ಇಲಿ ನೋಡೋಕೆ ಎಷ್ಟು ದೂರ?"

"ಮೂರೂವರೆ ಗಂಟೆ."

ಅಪ್ಪ ಏನೂ ಹೇಳಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿಯುವ ಗಾದೆ ಅವರ ನಾಲಿಗೆ ತುದಿಗೆ ಬಂದು ವಾಪಸ್ ಹೋಗಿದ್ದು ನನಗೆ ಕಾಣಿಸಿತು. ಇದು ಅಕ್ಕಿ ಮೂಟೆಯಷ್ಟು, ಇಪ್ಪತ್ತೈದು ಕೆ.ಜಿ. ತೂಗುವ ಇಲಿ ಅಂತ ಸಮಜಾಯಿಷಿ ಕೊಟ್ಟೆ. ಈ ದೇಶದ ಐದು ಸೆಂಟ್ ನಾಣ್ಯದ ಮೇಲೆ 1937ರಿಂದ ಕೂತಿದೆ ಅಂತಲೂ ಹೇಳಿದೆ. "ನಮ್ಮಲ್ಲಿ ಸಿಂಹ" ಅಂದರು, ಅಷ್ಟೇ.

ಬೀವರ್ ಹಗಲು ಮಲಗುತ್ತದೆ. ಮುಂಜಾನೆ ಇಲ್ಲವೇ ಸಂಜೆ ಹೋದರೆ ಕಾಣುತ್ತದೆ. ಅದಕ್ಕೇ ಬೆಳಗಿನ ಜಾವ ನಾಲ್ಕಕ್ಕೆ ಹೊರಡೋಣ ಅಂತ ತೀರ್ಮಾನ ಮಾಡಿದೆವು. ಸ್ನಾನ, ಪೂಜೆ, ಉಪ್ಪಿಟ್ಟು, ಫ್ಲಾಸ್ಕಿಗೆ ಕಾಫಿ, ಪೂಜೆ ಆದಮೇಲೆ ದೀಪ ಆರಿದೆಯಾ ಅಂತ ನೋಡಲು ಹೆಂಡತಿ ಎರಡು ಸಲ ಒಳಗೆ ಹೋಗಿ ಬಂದಿದ್ದು, ಎಲ್ಲಾ ಸೇರಿ ಹೊರಟಾಗ ಒಂಬತ್ತೂ ಮುಕ್ಕಾಲು. ದಾರಿಯಲ್ಲಿ ಪಾರ್ಕಿನೊಳಗೆ ಏಳೆಂಟು ಕಾರು ಸಾಲಾಗಿ ನಿಂತಿದ್ದವು. ಮೂಸ್, ಅಂದರೆ ಇಲ್ಲಿನ ದೈತ್ಯ ಜಿಂಕೆ, ಕಂಡಿರಬೇಕು ಅಂತ ನಾವೂ ನಿಲ್ಲಿಸಿ, ಕ್ಯಾಮೆರಾ ಹಿಡಿದು ಓಡಿದೆವು. ಒಬ್ಬ ಪಂಕ್ಚರ್ ಆದ ಟೈರ್ ಬದಲಿಸುತ್ತಿದ್ದ. ಅವನಿಗೂ ಅಷ್ಟು ಜನ ಯಾಕೆ ನಿಂತಿದ್ದಾರೆ ಅಂತ ಗೊತ್ತಿರಲಿಲ್ಲ.

ಟ್ರೇಲ್ ಶುರುವಾಗುವ ಜಾಗ ತಲುಪಿದಾಗ ಎರಡು ಗಂಟೆ, ರಣಬಿಸಿಲು. ಜುಲೈ ತಿಂಗಳ ಅಲ್ಲಿಯ ಸೊಳ್ಳೆಗಳ ಬಗ್ಗೆ ಏನು ಹೇಳಲಿ. ನಮ್ಮ ಸೊಳ್ಳೆಗಳಿಗೆ ಒಂದು ಅಂಜಿಕೆ ಇರುತ್ತದೆ, ಕೈ ಎತ್ತಿದರೆ ಹಾರುತ್ತವೆ. ಇವು ಆರು ತಿಂಗಳ ಹಿಮ ಕಳೆದು, ಸಿಕ್ಕ ನಾಲ್ಕು ವಾರದಲ್ಲಿ ಊಟ ಮದುವೆ ಬಾಣಂತನ ಎಲ್ಲ ಮುಗಿಸಬೇಕು. ನಾನು ಚಡ್ಡಿ ಹಾಕಿದ್ದೆ. ಅಪ್ಪ ಪ್ಯಾಂಟು, ಬೂಟು, ಮಫ್ಲರ್.

ಹತ್ತು ಹೆಜ್ಜೆ ಹೋಗಿರಲಿಲ್ಲ, ಎದುರಿನಿಂದ ಒಂದು ಸಂಸಾರ ಬಂತು. "ಅಯ್ಯೋ, ಜಸ್ಟ್ ಮಿಸ್ ಮಾಡ್ಕೊಂಡ್ರಿ, ಈಗ ತಾನೇ ಇತ್ತು" ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿದರು. ನಂತರ ಬಂದ ಜೋಡಿಗೂ ಈಗ ತಾನೇ ಕಂಡಿತ್ತಂತೆ. ಒಬ್ಬ ಅಜ್ಜಿಗೆ ತಾಯಿ ಮೂಸ್, ಮರಿ ಎರಡೂ ಕಂಡಿದ್ದವು. ಕಾಡಿನಲ್ಲಿ ಎದುರಿಗೆ ಬರುವವರಿಗೆ ಎಲ್ಲಾ ಕಂಡಿರುತ್ತದೆ. ಬಂಡೀಪುರದಲ್ಲೂ ಹೀಗೇ. ಎದುರು ಜೀಪಿನವರಿಗೆ ಹುಲಿ, ನಮ್ಮ ಜೀಪಿಗೆ ನವಿಲು.

ಮೊದಲ ಕೆರೆ ಬಂತು. ನಿಜವಾಗಿಯೂ ಚೆಂದ. ನೀರಿನ ತುಂಬ ನೈದಿಲೆ ಎಲೆ, ಮಧ್ಯೆ ಸತ್ತ ಮರಗಳ ಬೂದು ಕಂಬಗಳು, ನಡುವೆ ಕಡ್ಡಿ ರಾಶಿ ಹಾಕಿದಂತೆ ಬೀವರ್ ಗೂಡು. ದಡದ ಬಂಡೆಯ ಮೇಲೆ ಒಬ್ಬ ಹೆಂಗಸು ತೋಳುದ್ದದ ಲೆನ್ಸ್ ಇಟ್ಟುಕೊಂಡು ಕಲ್ಲಿನಂತೆ ಕೂತಿದ್ದಳು. ನಾನು ಬೆರಳು ತುಟಿಗಿಟ್ಟು ಅಪ್ಪನಿಗೆ ಸನ್ನೆ ಮಾಡಿದೆ.

ಅಪ್ಪನ ಪಿಸುಮಾತಿನ ಬಗ್ಗೆ ಇಲ್ಲಿ ಹೇಳಬೇಕು. ಅವರು ಮೂವತ್ತು ವರ್ಷ ಏರಿಯ ಈ ತುದಿಯಲ್ಲಿ ನಿಂತು ಆ ತುದಿಯ ಮೇಸ್ತ್ರಿಯ ಜೊತೆ, ಮಧ್ಯೆ ಕಾಂಕ್ರೀಟ್ ಮಿಕ್ಸರ್ ಓಡುತ್ತಿರುವಾಗ ಮಾತಾಡಿದವರು. ಅವರ ಪಿಸುಮಾತು ಅಂದರೆ ಅದೇ ದನಿ, ಬಾಯಿಗೆ ಕೈ ಅಡ್ಡ.

"ಕೋಡಿ ಎಲ್ಲಿ?" ಪಿಸುಗುಟ್ಟಿದರು. ಎರಡು ಬಾತುಕೋಳಿ ಹಾರಿಹೋದವು.

"ಏನು ಕೋಡಿ?"

"ನೀರು ಜಾಸ್ತಿ ಆದ್ರೆ ಹೋಗೋಕೆ ದಾರಿ ಬೇಡ್ವಾ? ತೂಬೂ ಇಲ್ಲ. ಕಲ್ಲಿನ ಪಿಚಿಂಗ್ ಇಲ್ಲ. ಯಾರು ಸ್ಯಾಂಕ್ಷನ್ ಮಾಡಿದ್ದು ಇದನ್ನ?"

ಲೆನ್ಸಿನವಳು ತಿರುಗಿ ನೋಡಿದಳು. ಅಪ್ಪ "ಸಾರಿ" ಅಂದರು, ಇನ್ನೂ ಜೋರಾಗಿ, ಕೈ ಎತ್ತಿ. ಆಮೇಲೆ ಕಟ್ಟೆಯ ಹತ್ತಿರ ಹೋಗಿ ಕೂತು, ಕನ್ನಡಕ ಹಣೆಗೇರಿಸಿ, ಇನ್ಸ್‌ಪೆಕ್ಷನ್ ಶುರು ಮಾಡಿದರು. ಕಟ್ಟೆಯುದ್ದಕ್ಕೂ ದಾರಿಯ ಮೇಲೇ ಹೆಜ್ಜೆ ಹಾಕಿ ಅಳತೆ ತೆಗೆದರು. ಕಡ್ಡಿಗಳನ್ನು ಹೇಗೆ ಒಂದರೊಳಗೊಂದು ಹೆಣೆದಿದೆ ಅಂತ ಊರುಗೋಲಿನಿಂದ ಗಾಳಿಯಲ್ಲೇ ತೋರಿಸಿದರು. ಒಂದು ಕಡ್ಡಿಯ ತುದಿಯಲ್ಲಿ ಉಳಿಯಿಂದ ಕೆತ್ತಿದ ಹಾಗೆ ಹಲ್ಲಿನ ಗುರುತು. "ನೀರಿನ ಕಡೆಗೆ ಕೆಸರು ಮೆತ್ತಿದ್ದಾನೆ ನೋಡು. ಸರಿಯಾಗಿ ಮಾಡಿದ್ದಾನೆ" ಅಂದರು. ಅಷ್ಟು ಹೊತ್ತಿಗೆ ಬೀವರ್ ಅವರಿಗೆ 'ಅವನು' ಆಗಿತ್ತು. "ಎಸ್ಟಿಮೇಟ್ ಇಲ್ಲ, ಟೆಂಡರ್ ಇಲ್ಲ, ಎಂ.ಬಿ.ಯಲ್ಲಿ ಅಳತೆ ಬರೆದಿಲ್ಲ. ನೀರು ನಿಂತಿದೆಯಲ್ಲೋ!"

ನೀರು ಹರಿಯುವ ಸದ್ದು ಕೇಳಿದರೆ ಬೀವರ್‌ಗೆ ತಡೆಯಲು ಆಗುವುದಿಲ್ಲ, ಒಂದು ಪ್ರಯೋಗದಲ್ಲಿ ಬರೀ ಆ ಸದ್ದನ್ನು ಸ್ಪೀಕರಿನಲ್ಲಿ ಹಾಕಿದಾಗಲೂ ಅಲ್ಲೇ ಕಡ್ಡಿ ಪೇರಿಸಲು ಶುರು ಮಾಡಿತ್ತು ಅಂತ ನಾನು ಎಲ್ಲೋ ಓದಿದ್ದನ್ನು ಹೇಳಿದೆ. ಹೇಳಬಾರದಿತ್ತು.

"ಮತ್ತೆ?" ಅಂದರು ಅಪ್ಪ, ನನ್ನನ್ನೇ ನೋಡುತ್ತಾ. "ಮನೆಯಲ್ಲಿ ನೀರು ಸೋರ್ತಿದ್ರೆ ಯಾವನಿಗೆ ನಿದ್ದೆ ಬರುತ್ತೆ?"

ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ನಮ್ಮೂರು ತಿಪಟೂರಿನ ಕಡೆ. ಕೆರೆ ಕೋಡಿ ಬಿದ್ದ ದಿನ ಊರಿಗೆ ಊರೇ ಏರಿಯ ಮೇಲೆ ಇರುತ್ತಿತ್ತು. ಹೆಂಗಸರು ಅರಿಶಿನ ಕುಂಕುಮ ಬಿಟ್ಟು ಕೈ ಮುಗಿಯುತ್ತಿದ್ದರು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಂಪು ನೀರು ಧುಮುಕುವುದನ್ನು ತೋರಿಸಿದ್ದು ನೆನಪಿದೆ, ಅವರ ತಲೆಗೆ ಹಚ್ಚಿದ್ದ ಹರಳೆಣ್ಣೆಯ ವಾಸನೆಯ ಸಮೇತ. ಈಗ ಅಲ್ಲಿ ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ. "ಹೂಳು ತೆಗೆದ್ರೆ ಇವತ್ತೂ ನಿಲ್ಲುತ್ತೆ" ಅಂದರು ಅಪ್ಪ. ಈ ಸಲ ನಿಜವಾದ ಪಿಸುಮಾತು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಹೀಗೆ ನಾವು ಮೂರು ಜನ ಬಾಯಿ ಮುಚ್ಚಿಕೊಂಡಿದ್ದ ಆ ಎರಡು ನಿಮಿಷದಲ್ಲಿ ನನ್ನ ಎಡಗಾಲಿಗೆ ಏನೋ ಚುಚ್ಚಿತು. ಬಗ್ಗಿ ಫಟ್ ಅಂತ ಹೊಡೆದೆ. ಅದೇ ಕ್ಷಣಕ್ಕೆ ಇನ್ನೊಂದು ಫಟಾರ್! ಯಾರೋ ಭಾರಿ ಸೊಳ್ಳೆ ಹೊಡೆದರು ಅಂದುಕೊಂಡೆ. ಎಲ್ಲರೂ ಅದನ್ನೇ ತಾನೇ ಮಾಡುತ್ತಿದ್ದುದು? ತಲೆ ಎತ್ತಿದರೆ ನೀರಿನಲ್ಲಿ ದೊಡ್ಡ ಉಂಗುರಗಳು. ಹೆಂಡತಿ ಬಾಯಿ ತೆರೆದುಕೊಂಡು ನಿಂತಿದ್ದಳು. ಲೆನ್ಸಿನವಳು ಅಪ್ಪನಿಗೆ ಹೆಬ್ಬೆರಳು ತೋರಿಸುತ್ತಿದ್ದಳು.

ಅಪಾಯ ಅನ್ನಿಸಿದರೆ ಬೀವರ್ ಬಾಲದಿಂದ ನೀರಿಗೆ ಬಾರಿಸಿ ಮುಳುಗುತ್ತದೆ. ಅಂದರೆ ಅದು ಹೆದರಿದ್ದು ಅಪ್ಪನ ದನಿಗಲ್ಲ, ನನ್ನ ಏಟಿಗೆ. ಹೆಂಡತಿಯ ತೀರ್ಪು ಇದು, ಮೇಲ್ಮನವಿಗೆ ಅವಕಾಶವಿಲ್ಲ.

ಮುಳುಗಿದ ಬೀವರ್ ಹದಿನೈದು ನಿಮಿಷದವರೆಗೆ ಉಸಿರು ಹಿಡಿಯಬಲ್ಲದು. ಅಪ್ಪ ಎಚ್‌ಎಂಟಿ ವಾಚ್ ನೋಡುತ್ತಾ ಹದಿನೈದೂ ನಿಮಿಷ ಎಣಿಸಿದರು. ಗೂಡಿನ ಬಾಗಿಲು ನೀರಿನ ಒಳಗೇ ಇರುತ್ತದೆ, ಅದು ಆಗಲೇ ಮನೆ ಸೇರಿ ಕಾಲು ಚಾಚಿರಬಹುದು ಅಂತ ನನಗೆ ಹೊಳೆದಿದ್ದು ಹದಿನಾಲ್ಕನೇ ನಿಮಿಷಕ್ಕೆ. ಅಷ್ಟರಲ್ಲಿ ಐದನೆಯದೋ ಆರನೆಯದೋ ಗುಳ್ಳೆ.

ವಾಪಸ್ ಬರುವಾಗ ಎದುರಿಗೆ ಸಿಕ್ಕವರನ್ನೆಲ್ಲ ಅಪ್ಪ ನಿಲ್ಲಿಸಿದರು. "ಜಸ್ಟ್ ನೌ!" ಎರಡೂ ಕೈ ಅಗಲಿಸಿ, "ಬಿಗ್ ಒನ್!" ಮೊದಲನೆಯವರಿಗೆ ಎರಡಡಿ ಇದ್ದ ಬೀವರ್ ಕಾರು ಸೇರುವಷ್ಟರಲ್ಲಿ ನಾಲ್ಕಡಿ ಆಗಿತ್ತು. ಕಾರಿನಲ್ಲಿ ಜೇಬಿನಿಂದ ಐದು ಸೆಂಟ್ ನಾಣ್ಯ ತೆಗೆದು ನನ್ನ ಕೈಗಿಟ್ಟು, "ಇಗೋ, ನೀನೂ ನೋಡು" ಅಂದರು.

ಅವತ್ತು ರಾತ್ರಿ ಒಂದು ಗಂಟೆಗೆ ಕಾಲು ಉರಿಗೆ ಎಚ್ಚರವಾಯಿತು. ಮುಲಾಮು ಹುಡುಕಿಕೊಂಡು ಕೆಳಗಿಳಿದರೆ ಬಚ್ಚಲುಮನೆಯಲ್ಲಿ ದೀಪ. ಅಪ್ಪ ಪಂಚೆ ಎತ್ತಿ ಕಟ್ಟಿ, ಹಲ್ಲಿನಲ್ಲಿ ನೂಲಿನ ದಾರ ಕಚ್ಚಿಕೊಂಡು, ನಲ್ಲಿಯ ಕತ್ತು ತಿರುಚಿ ಸುತ್ತುತ್ತಿದ್ದರು. ನನ್ನನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು "ವಾಷರ್ ಹೋಗಿದೆ" ಅಂತ ಪಿಸುಗುಟ್ಟಿದರು.

ಮಹಡಿಯಲ್ಲಿ ಹೆಂಡತಿ ಎದ್ದ ಸದ್ದಾಯಿತು.