ಸಿಸಿ ಕ್ಯಾಮೆರಾ ಅಪ್‌ಡೇಟ್ ಕೈಕೊಟ್ಟಾಗ ಮೊದಲು ಮುಟ್ಟಬಾರದ ಗುಂಡಿ

ಮನೆಯ ಸಿಸಿ ಕ್ಯಾಮೆರಾದ ಫರ್ಮ್‌ವೇರ್ (ಕ್ಯಾಮೆರಾವನ್ನು ನಡೆಸುವ ಒಳಗಿನ ತಂತ್ರಾಂಶ) ಅಪ್‌ಡೇಟ್ ಅರ್ಧದಲ್ಲಿ ನಿಂತಿತೆಂದರೆ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ, ಸಿಮ್ ತೆಗೆಯುವ ಪಿನ್ನನ್ನು ಹುಡುಕಿ ತಂದು ರೀಸೆಟ್ ಗುಂಡಿಯನ್ನು ಒತ್ತಿ ಹಿಡಿಯುವುದು. ಕ್ಯಾಮೆರಾ ಹಾಕಿಕೊಟ್ಟವರಿಗೆ ಫೋನ್ ಮಾಡಿದರೂ ಸಾಮಾನ್ಯವಾಗಿ ಅದೇ ಸಲಹೆ ಸಿಗುತ್ತದೆ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲಿಗೇ ಮಾಡಿಸುವ ಸಲಹೆ ಇದು ಎಂಬುದು ನನ್ನ ಖಚಿತ ಅಭಿಪ್ರಾಯ.

ರೀಸೆಟ್ ಮಾಡಿದರೆ ಕ್ಯಾಮೆರಾ ಅಂಗಡಿಯಿಂದ ತಂದ ದಿನದ ಸ್ಥಿತಿಗೆ ಮರಳುತ್ತದೆ ಎಂದು ಜನ ನಂಬಿದ್ದಾರೆ. ಸಾಮಾನ್ಯವಾಗಿ ಅದು ಅಳಿಸುವುದು ನಾವು ತುಂಬಿಸಿದ ಸೆಟ್ಟಿಂಗ್‌ಗಳನ್ನು ಮಾತ್ರ, ಅಂದರೆ ವೈಫೈ ಹೆಸರು, ಪಾಸ್‌ವರ್ಡ್, ಸಮಯ, ಚಲನೆ ಗುರುತಿಸುವ ಜಾಗ ಮುಂತಾದವನ್ನು. ಫರ್ಮ್‌ವೇರ್ ಇರುವುದು ಫ್ಲ್ಯಾಶ್ ಮೆಮೊರಿಯ ಬೇರೆ ಭಾಗದಲ್ಲಿ, ಮತ್ತು ಹಳೆಯ ಆವೃತ್ತಿಯ ಪ್ರತಿಯೊಂದನ್ನು ಒಳಗೆ ಎತ್ತಿಟ್ಟುಕೊಳ್ಳುವಷ್ಟು ಜಾಗ ಅಗ್ಗದ ಕ್ಯಾಮೆರಾಗಳಲ್ಲಿ ಇರುವುದಿಲ್ಲ. 8 ಅಥವಾ 16 ಮೆಗಾಬೈಟ್ ಚಿಪ್ಪಿನಲ್ಲೇ ಎಲ್ಲವನ್ನೂ ತುರುಕಿರುತ್ತಾರೆ. ಆದ್ದರಿಂದ ಫರ್ಮ್‌ವೇರ್ ನಿಜವಾಗಿಯೂ ಹಾಳಾಗಿದ್ದರೆ ರೀಸೆಟ್ ಅದನ್ನು ಸರಿಪಡಿಸದು. ಹಾಳಾಗಿರದಿದ್ದರೆ, ಮತ್ತೊಮ್ಮೆ ಪ್ರಯತ್ನಿಸಲು ಉಳಿದಿದ್ದ ಒಂದೇ ದಾರಿಯಾದ ವೈಫೈ ಸಂಪರ್ಕವನ್ನೂ ನಾವೇ ಕಡಿದುಕೊಂಡಂತಾಗುತ್ತದೆ.

ಹಾಗಾದರೆ ಮೊದಲು ಏನು ಮಾಡಬೇಕು? ಅಪ್‌ಡೇಟ್ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ತಿಳಿಯಬೇಕು. ಕ್ಯಾಮೆರಾ ಮೊದಲು ಫೈಲನ್ನು ಇಳಿಸಿಕೊಳ್ಳುತ್ತದೆ, ಅದು ತನ್ನ ಮಾದರಿಗೆ ಸೇರಿದ್ದೇ ಮತ್ತು ತಯಾರಕರ ಡಿಜಿಟಲ್ ಸಹಿ ಅದರಲ್ಲಿದೆಯೇ ಎಂದು ಪರೀಕ್ಷಿಸುತ್ತದೆ, ಆಮೇಲೆ ಅದನ್ನು ಫ್ಲ್ಯಾಶ್ ಮೆಮೊರಿಗೆ ಬರೆಯುತ್ತದೆ, ಕೊನೆಗೆ ತಾನೇ ರೀಸ್ಟಾರ್ಟ್ ಆಗುತ್ತದೆ. ಇಳಿಸುವಾಗ ಅಥವಾ ಪರೀಕ್ಷಿಸುವಾಗ ವಿಫಲವಾದರೆ ಕ್ಯಾಮೆರಾಗೆ ಸಾಮಾನ್ಯವಾಗಿ ಯಾವ ಹಾನಿಯೂ ಆಗಿರುವುದಿಲ್ಲ. ಹಳೆಯ ಆವೃತ್ತಿಯಲ್ಲೇ ಅದು ಕೆಲಸ ಮಾಡುತ್ತಿರುತ್ತದೆ. ಅಪಾಯವಿರುವುದು ಬರೆಯುವ ಆ ಕೆಲವು ನಿಮಿಷಗಳಲ್ಲಿ. ಆ್ಯಪ್ ತೋರಿಸುವ ಶೇಕಡಾವಾರು ಅಂಕಿಯನ್ನು ನಂಬಬೇಡಿ, ಏಕೆಂದರೆ ಅದು ಯಾವ ಹಂತವನ್ನು ಸೂಚಿಸುತ್ತದೆ ಎಂಬುದು ಒಂದೊಂದು ಕಂಪನಿಗೆ ಒಂದೊಂದು ರೀತಿ. ಚಿತ್ರ ಇನ್ನೂ ಬರುತ್ತಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಹಳೆಯ ಆವೃತ್ತಿಯ ಸಂಖ್ಯೆಯೇ ಕಾಣುತ್ತಿದ್ದರೆ, ನೀವು ಗಾಬರಿಪಡುವ ಕಾರಣವಿಲ್ಲ. ಚಿತ್ರ ಬರದಿದ್ದರೂ ಕನಿಷ್ಠ ಅರ್ಧ ಗಂಟೆ ಕರೆಂಟು ತೆಗೆಯದೆ ಬಿಡಿ. ಕ್ಯಾಮೆರಾ ಸತ್ತಂತೆ ಕಾಣುವ ಹೊತ್ತಿನಲ್ಲಿ ಒಳಗೆ ಬರೆಯುವ ಕೆಲಸ ನಡೆಯುತ್ತಿರಬಹುದು, ಆಗ ಪ್ಲಗ್ ಕಿತ್ತರೆ ಇಲ್ಲದ ತೊಂದರೆಯನ್ನು ಹುಟ್ಟುಹಾಕಿದಂತೆ.

ಇಳಿಸುವಾಗಲೇ ನಿಲ್ಲುವುದಕ್ಕೆ ಹೆಚ್ಚಾಗಿ ಕಾರಣ ವೈಫೈ. ಚಿತ್ರ ಚೆನ್ನಾಗಿ ಬರುತ್ತಿದೆ, ಹಾಗಾಗಿ ವೈಫೈ ಸರಿಯಿದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಮೊಬೈಲ್‌ನಲ್ಲಿ ಕಾಣುವುದು ಬಹಳ ಸಲ ಕಡಿಮೆ ಸ್ಪಷ್ಟತೆಯ ಚಿತ್ರ, ನಡುವೆ ಒಂದೆರಡು ಕ್ಷಣ ತಪ್ಪಿಹೋದರೂ ನಮ್ಮ ಗಮನಕ್ಕೆ ಬರುವುದಿಲ್ಲ. ಗೇಟಿನ ಕಂಬದ ಮೇಲೆ, ಎರಡು ಗೋಡೆಗಳಾಚೆ ಇರುವ ಕ್ಯಾಮೆರಾಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಇದಕ್ಕೆ ಒಂದು ಸುಲಭ ಪರೀಕ್ಷೆಯಿದೆ. ರೌಟರನ್ನು ಸ್ವಲ್ಪ ಹೊತ್ತು ಆಫ್ ಮಾಡಿ, ಮೊಬೈಲ್ ಹಾಟ್‌ಸ್ಪಾಟ್‌ಗೆ ಮನೆಯ ವೈಫೈನ ಹೆಸರು ಮತ್ತು ಪಾಸ್‌ವರ್ಡನ್ನೇ ಅಕ್ಷರಶಃ ಕೊಟ್ಟು, ಬ್ಯಾಂಡನ್ನು 2.4 ಗಿಗಾಹರ್ಟ್ಸ್‌ಗೆ ಇಟ್ಟು, ಕ್ಯಾಮೆರಾದ ಹತ್ತಿರ ನಿಲ್ಲಿ. ಕ್ಯಾಮೆರಾ ಅದನ್ನೇ ಮನೆಯ ವೈಫೈ ಎಂದು ತಿಳಿದು ಸೇರಿಕೊಳ್ಳುತ್ತದೆ. ಈಗ ಅಪ್‌ಡೇಟ್ ಆದರೆ ದೋಷ ರೌಟರ್‌ನದ್ದೋ ದೂರದ್ದೋ ಎಂದು ಖಾತರಿಯಾಯಿತು.

ಇನ್ನೊಂದು ಕಾರಣ ಗಡಿಯಾರ, ಇದನ್ನು ಯಾರೂ ಅನುಮಾನಿಸುವುದಿಲ್ಲ. ಒಳಗೆ ಬ್ಯಾಟರಿಯಿಲ್ಲದ ಕ್ಯಾಮೆರಾ ಕರೆಂಟು ಹೋಗಿ ಬಂದಾಗ ತನ್ನ ದಿನಾಂಕವನ್ನು ಮರೆತು 1970ರ ಜನವರಿ 1ರಂತಹ ಯಾವುದೋ ದಿನದಿಂದ ಶುರುಮಾಡುತ್ತದೆ, ಇಂಟರ್‌ನೆಟ್ಟಿನಿಂದ ಸರಿಯಾದ ಸಮಯ ಸಿಗುವವರೆಗೂ ಅಲ್ಲೇ ಇರುತ್ತದೆ. ಅಪ್‌ಡೇಟ್ ಸರ್ವರ್‌ನ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ತಪ್ಪು ದಿನಾಂಕದ ಕ್ಯಾಮೆರಾ ಆ ಸರ್ವರನ್ನು ನಂಬದೆ ಸಂಪರ್ಕ ಕಡಿದುಕೊಳ್ಳುತ್ತದೆ. ಚಿತ್ರದ ಮೂಲೆಯಲ್ಲಿ ಕಾಣುವ ದಿನಾಂಕವನ್ನು ಒಮ್ಮೆ ನೋಡಿದರೆ ಸಾಕು. ಎನ್‌ವಿಆರ್‌ನ (ಕ್ಯಾಮೆರಾಗಳ ದೃಶ್ಯಗಳನ್ನು ಮುದ್ರಿಸಿಕೊಳ್ಳುವ ಪೆಟ್ಟಿಗೆಯ) ಹಿಂಭಾಗದ ಪೋರ್ಟಿಗೇ ನೇರವಾಗಿ ಸಿಕ್ಕಿಸಿದ ಕ್ಯಾಮೆರಾಗಳಲ್ಲಿ ಇನ್ನೊಂದು ಅಂಶವೂ ಇದೆ: ಅವು ಎನ್‌ವಿಆರ್‌ನ ಒಳಜಾಲದಲ್ಲಿರುವುದರಿಂದ ಹಲವು ಸಲ ಹೊರಗಿನ ಇಂಟರ್‌ನೆಟ್ ಅವಕ್ಕೆ ಸಿಗುವುದೇ ಇಲ್ಲ. ಅಂಥವುಗಳನ್ನು ಎನ್‌ವಿಆರ್ ಮೂಲಕವೇ ಅಪ್‌ಡೇಟ್ ಮಾಡಬೇಕು.

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ವಿದ್ಯುತ್ತಿನ ವಿಷಯ. ಕರೆಂಟು ಪೂರ್ತಿ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗದಿರುವುದು ಕ್ಯಾಮೆರಾಗೆ ತಲುಪುವ ವೋಲ್ಟೇಜ್ ಕುಸಿಯುವುದು. 12 ವೋಲ್ಟ್ ಅಡಾಪ್ಟರನ್ನು ಒಳಗಿಟ್ಟು ತೆಳು ವೈರಿನಲ್ಲಿ ಕಾಂಪೌಂಡಿನವರೆಗೆ ಎಳೆದಿರುತ್ತಾರೆ. 5 ವೋಲ್ಟಿನ ಚಿಕ್ಕ ಕ್ಯಾಮೆರಾಗೆ ಹಳೆಯ ಮೊಬೈಲ್ ಚಾರ್ಜರ್ ಮತ್ತು ಉದ್ದದ ಯುಎಸ್‌ಬಿ ವೈರು ಹಾಕಿರುತ್ತಾರೆ. ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ತನ್ನೂ ಕಳಿಸುವ ವಿಧಾನ) ಇದ್ದರೆ ಸಮಸ್ಯೆಯಿಲ್ಲ ಎನ್ನುವವರಿಗೂ ಒಂದು ಮಾತು: ಹಳೆಯ ಮಾನದಂಡದ ಪೋರ್ಟು 15.4 ವ್ಯಾಟ್ ಕೊಟ್ಟರೂ 100 ಮೀಟರ್ ತುದಿಯಲ್ಲಿ ಕ್ಯಾಮೆರಾಗೆ ಖಾತರಿಯಾಗಿ ಸಿಗುವುದು 12.95 ವ್ಯಾಟ್, ಅದೂ ಕೇಬಲ್ ಶುದ್ಧ ತಾಮ್ರದ್ದಾಗಿದ್ದರೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ಲಿನಲ್ಲಿ ನಷ್ಟ ಇನ್ನೂ ಹೆಚ್ಚು. ಹಗಲಿನಲ್ಲಿ ಇವೆಲ್ಲ ಹೇಗೋ ನಡೆದುಹೋಗುತ್ತವೆ. ರಾತ್ರಿ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಂಡಾಗ ಕ್ಯಾಮೆರಾ ಎಳೆಯುವ ವಿದ್ಯುತ್ತು ಏರುತ್ತದೆ, ಅದರ ಮೇಲೆ ತಿರುಗುವ ಕ್ಯಾಮೆರಾ ಆದರೆ ರೀಸ್ಟಾರ್ಟ್ ಆಗುವಾಗ ಮೋಟಾರು ಒಂದು ಸುತ್ತು ತಿರುಗಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ದುರ್ಬಲ ಅಡಾಪ್ಟರ್ ಆ ಹೊತ್ತಿಗೆ ಸೋಲುತ್ತದೆ, ಕ್ಯಾಮೆರಾ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ, ನಾವು ಹೊಸ ಫರ್ಮ್‌ವೇರನ್ನು ಬಯ್ಯುತ್ತೇವೆ. ಕ್ಯಾಮೆರಾವನ್ನು ಬಿಚ್ಚಿ ತಂದು ಅದರ ಜೊತೆ ಬಂದಿದ್ದ ಮೂಲ ಅಡಾಪ್ಟರಿಗೆ, ಮೇಜಿನ ಮೇಲೆ, ಗಿಡ್ಡ ವೈರಿನಲ್ಲಿ ಜೋಡಿಸಿ ನೋಡುವುದು ಇದಕ್ಕೆ ಉತ್ತಮ ಪರೀಕ್ಷೆ.

ಇನ್ವರ್ಟರ್ ಇರುವವರು ಅದರ ಹಿಂದಿನ ಸ್ವಿಚ್ಚು ಯುಪಿಎಸ್ ಕಡೆಗಿದೆಯೇ ನೋಡಿಕೊಳ್ಳಬೇಕು. ಇನ್ನೊಂದು ಸ್ಥಿತಿಯಲ್ಲಿ ಕರೆಂಟಿನಿಂದ ಬ್ಯಾಟರಿಗೆ ಬದಲಾವಣೆ ನಿಧಾನವಾಗುವುದರಿಂದ, ಫ್ಯಾನು ನಿಲ್ಲದಿದ್ದರೂ ರೌಟರ್ ಮತ್ತು ಕ್ಯಾಮೆರಾ ಒಮ್ಮೆ ಆರಿ ಹೊತ್ತಿಕೊಳ್ಳುವ ಸಾಧ್ಯತೆಯಿದೆ. ಮಲೆನಾಡಿನ ಮಳೆಗಾಲದಲ್ಲಿ ಅಪ್‌ಡೇಟನ್ನು ಮುಂದೂಡುವುದೇ ಲೇಸು.

ಈ ಎಲ್ಲ ಕಾರಣಗಳಿಂದ, ಹೊರದೇಶದಲ್ಲಿ ಕುಳಿತು ಊರಿನ ಮನೆಯ ಕ್ಯಾಮೆರಾ ನೋಡಿಕೊಳ್ಳುವ ಮಕ್ಕಳಲ್ಲಿ ನನ್ನದೊಂದು ವಿನಂತಿಯಿದೆ. ಕ್ಯಾಲಿಫೋರ್ನಿಯಾದಲ್ಲಿ ಊಟದ ಬಿಡುವಿನಲ್ಲಿ ನೀವು ಅಪ್‌ಡೇಟ್ ಒತ್ತುವ ಹೊತ್ತು ಶಿವಮೊಗ್ಗದಲ್ಲಿ ನಡುರಾತ್ರಿ. ಎಲ್‌ಇಡಿಗಳು ಉರಿಯುತ್ತಿರುತ್ತವೆ, ಅಪ್ಪ ಅಮ್ಮ ಮಲಗಿರುತ್ತಾರೆ, ಕರೆಂಟಿನ ಸ್ಥಿತಿ ನಿಮಗೆ ಕಾಣುವುದಿಲ್ಲ. ಕ್ಯಾಮೆರಾ ಆಫ್‌ಲೈನ್ ಆದರೆ ಬೆಳಿಗ್ಗೆ ಫೋನಿನಲ್ಲಿ "ಅಪ್ಪಾ, ಸ್ಟೂಲ್ ಹಾಕಿಕೊಂಡು ಆ ಗುಂಡಿ ಒತ್ತಿ" ಎಂದು ಎಪ್ಪತ್ತು ದಾಟಿದವರನ್ನು ಏಣಿ ಹತ್ತಿಸುವುದು ನ್ಯಾಯವಲ್ಲ. ಅವರು ರೀಸೆಟ್ ಮಾಡಿದರೂ ಪ್ರಯೋಜನವಾಗುವುದು ಕಷ್ಟ. ಅನೇಕ ಕ್ಯಾಮೆರಾಗಳು ಮೊದಲು ಜೋಡಿಸಿದವರ ಖಾತೆಗೇ ಅಂಟಿಕೊಂಡಿರುತ್ತವೆ, ಮತ್ತೆ ಜೋಡಿಸಲು ಕ್ಯಾಮೆರಾದೆದುರು ನಿಮ್ಮ ಖಾತೆ ತೆರೆದಿರುವ ಫೋನು ಬೇಕಾಗುತ್ತದೆ. ಊರಿನಲ್ಲಿ ಹಗಲಿರುವಾಗ, ವಿಷಯ ತಿಳಿದ ಯಾರಾದರೂ ಮನೆಯಲ್ಲಿರುವಾಗ, ಒಂದೇ ಕ್ಯಾಮೆರಾವನ್ನು ಅಪ್‌ಡೇಟ್ ಮಾಡಿ, ಅದು ಒಂದು ದಿನ ಸರಿಯಾಗಿ ನಡೆದ ಮೇಲೆ ಉಳಿದವುಗಳಿಗೆ ಹೋಗಿ. ತಾನೇ ಅಪ್‌ಡೇಟ್ ಆಗುವ ಸೌಲಭ್ಯವಿದ್ದರೆ ಅದರ ಸಮಯವನ್ನು ಬದಲಿಸಲು ಸಾಧ್ಯವೇ ನೋಡಿ.

ಫೈಲನ್ನು ನಾವೇ ಇಳಿಸಿ ಹಾಕುವ ಕ್ಯಾಮೆರಾಗಳಲ್ಲಿ ತೊಂದರೆಯ ಬಗೆ ಬೇರೆ. ಹೊರಗಿನ ಕವಚದ ಮೇಲಿನ ಮಾದರಿ ಸಂಖ್ಯೆ ಒಂದೇ ಆಗಿದ್ದು ಒಳಗಿನ ಹಾರ್ಡ್‌ವೇರ್ ಆವೃತ್ತಿ ಬೇರೆಯಾಗಿರುವುದುಂಟು. ತುಂಬ ಹಳೆಯ ಆವೃತ್ತಿಯಿಂದ ನೇರವಾಗಿ ಹೊಸದಕ್ಕೆ ಹಾರಲಾಗದೆ ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಬೇಕಾಗಿರುವುದೂ ಉಂಟು. ಕಂಪನಿಯ ಟಿಪ್ಪಣಿಯಲ್ಲಿ ಅದನ್ನು ಬರೆದಿರುತ್ತಾರೆ, ನಾವು ಓದುವುದಿಲ್ಲ. ಇನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಸರಕಿನ ಬಗ್ಗೆ ಎಚ್ಚರವಿರಬೇಕು. ಚೀನಾದ ಒಳಮಾರುಕಟ್ಟೆಗೆಂದು ತಯಾರಾದ ಕ್ಯಾಮೆರಾಗೆ ಯಾರೋ ತಿದ್ದಿದ ಇಂಗ್ಲಿಷ್ ಫರ್ಮ್‌ವೇರ್ ಹಾಕಿ ಮಾರುವ ವ್ಯಾಪಾರ ಜಗತ್ತಿನಾದ್ಯಂತ ನಡೆದಿದೆ. ಅದಕ್ಕೆ ಕಂಪನಿಯ ಅಧಿಕೃತ ಫೈಲ್ ಹಾಕಿದರೆ ಮೆನು ಚೀನೀ ಭಾಷೆಗೆ ತಿರುಗಬಹುದು, ಭಾಷೆ ಹೊಂದುತ್ತಿಲ್ಲವೆಂದು ಫೈಲೇ ತಿರಸ್ಕೃತವಾಗಬಹುದು, ಇಲ್ಲವೇ ಕ್ಯಾಮೆರಾ ಏಳದೇ ಹೋಗಬಹುದು. ಅಂಥ ಕ್ಯಾಮೆರಾವನ್ನು ಅಪ್‌ಡೇಟ್ ಮಾಡಲು ಹೋಗದಿರುವುದು, ಅದನ್ನು ಇಂಟರ್‌ನೆಟ್ಟಿಗೆ ಜೋಡಿಸದಿರುವುದು, ಇವೆರಡೇ ನನಗೆ ಕಾಣುವ ಮಾರ್ಗ.

ನಿಜವಾಗಿಯೂ ಬರೆಯುವ ಹಂತದಲ್ಲೇ ಕೆಟ್ಟರೂ ಎಲ್ಲವೂ ಮುಗಿಯಿತೆಂದಲ್ಲ. ಕ್ಯಾಮೆರಾವನ್ನು ಎಬ್ಬಿಸುವ ಬೂಟ್‌ಲೋಡರ್ ಎಂಬ ಸಣ್ಣ ಪ್ರೋಗ್ರಾಂ ಬೇರೆ ಜಾಗದಲ್ಲಿ ಇರುತ್ತದೆ, ಹೆಚ್ಚಿನ ಅಪ್‌ಡೇಟ್‌ಗಳು ಅದನ್ನು ಮುಟ್ಟುವುದಿಲ್ಲ. ಅದು ಉಳಿದಿದ್ದರೆ ಹೊರಗಿನಿಂದ ಫರ್ಮ್‌ವೇರ್ ತುಂಬಿಸಬಹುದು. ವೈಜ್ ಕಂಪನಿಯ ಹಳೆಯ ಮಾದರಿಗಳಲ್ಲಿ, 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಮೆಮೊರಿ ಕಾರ್ಡನ್ನು ಫ್ಯಾಟ್-32 ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿ, ಅದರಲ್ಲಿ ಕಂಪನಿ ಹೇಳಿದ ಹೆಸರಿನಲ್ಲೇ ಫೈಲನ್ನು ಇಟ್ಟು, ಸೆಟಪ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಕರೆಂಟು ಕೊಡಬೇಕು. ಹೈಕ್‌ವಿಷನ್‌ನ ಹಲವು ಕ್ಯಾಮೆರಾಗಳು ಏಳುವಾಗ 192.0.0.128 ಎಂಬ ವಿಳಾಸದಲ್ಲಿ ಕಂಪ್ಯೂಟರೊಂದು ಕಾಯುತ್ತಿದೆಯೇ ಎಂದು ಹುಡುಕುತ್ತವೆ. ಕಂಪ್ಯೂಟರಿಗೆ ಆ ವಿಳಾಸ ಕೊಟ್ಟು, ಕಂಪನಿಯ ಟಿಎಫ್‌ಟಿಪಿ (ಜಾಲದ ಮೂಲಕ ಫೈಲ್ ಕಳಿಸುವ ಸರಳ ವಿಧಾನ) ಪ್ರೋಗ್ರಾಂ ತೆರೆದಿಟ್ಟರೆ ಫೈಲನ್ನು ತಾವೇ ಎಳೆದುಕೊಳ್ಳುತ್ತವೆ. ವಿಂಡೋಸ್ ಫೈರ್‌ವಾಲ್ ಇದನ್ನು ತಡೆಯುವುದರಿಂದ ಅದನ್ನು ಆ ಹೊತ್ತಿಗೆ ಆಫ್ ಮಾಡಬೇಕು. ಕಾರ್ಡು ದೊಡ್ಡದಾಗಿರುವುದು ಅಥವಾ ಫೈಲಿನ ಹೆಸರಿನ ಕೊನೆಗೆ ವಿಂಡೋಸ್ ಬಚ್ಚಿಟ್ಟ ಇನ್ನೊಂದು ಬಾಲ (.bin ಎಂಬಂಥ ಕೊನೆಯಕ್ಷರಗಳು) ಸೇರಿರುವುದು, ಇಂಥ ಚಿಲ್ಲರೆ ಕಾರಣಗಳಿಂದಲೇ ಈ ಕೆಲಸ ಕೆಡುತ್ತದೆ.

ಇಷ್ಟೆಲ್ಲ ರಗಳೆಯಿದ್ದರೆ ಅಪ್‌ಡೇಟೇ ಬೇಡ ಎನ್ನುವವರಿದ್ದಾರೆ. ಅದನ್ನು ಒಪ್ಪಲಾಗದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ ಮತ್ತು ಡಿವಿಆರ್‌ (ದೃಶ್ಯ ಮುದ್ರಿಸುವ ಪೆಟ್ಟಿಗೆ) ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು; ಆ ಅಕ್ಟೋಬರಿನಲ್ಲಿ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ (Dyn) ಎಂಬ ಸಂಸ್ಥೆಯ ಮೇಲೆ ಅವುಗಳಿಂದ ನಡೆದ ದಾಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಅಮೆರಿಕದ ಹಲವೆಡೆ ಸಿಗದಾದವು. 2021ರಲ್ಲಿ ಹೈಕ್‌ವಿಷನ್ ಕ್ಯಾಮೆರಾಗಳಲ್ಲಿ ಕಂಡುಬಂದ ದೋಷದಲ್ಲಿ ಪಾಸ್‌ವರ್ಡೇ ಇಲ್ಲದೆ ಕ್ಯಾಮೆರಾವನ್ನು ಪೂರ್ತಿ ಹತೋಟಿಗೆ ತೆಗೆದುಕೊಳ್ಳಬಹುದಿತ್ತು, ಅದರ ತೀವ್ರತೆಗೆ ಕೊಟ್ಟ ಅಂಕ 10ಕ್ಕೆ 9.8. ಅಪ್‌ಡೇಟ್ ಮಾಡಿಕೊಳ್ಳದೆ ಅದಕ್ಕೆ ನಿಜವಾದ ಪರಿಹಾರವಿರಲಿಲ್ಲ.

ಹೀಗಿರುವಾಗ ಅಪ್‌ಡೇಟ್ ಕೆಟ್ಟರೆ ಅದರ ಹೊರೆಯನ್ನು ಕೊಂಡವರ ತಲೆಗೆ ಕಟ್ಟುವುದು ಏಕೆ ಎಂಬುದು ನನ್ನ ತಕರಾರು. ಫರ್ಮ್‌ವೇರಿಗೆ ಎರಡು ಜಾಗವಿಟ್ಟು, ಹೊಸದು ಏಳದಿದ್ದರೆ ತಾನೇ ಹಳೆಯದಕ್ಕೆ ಮರಳುವ ವಿಧಾನ ಮೊಬೈಲ್ ಫೋನುಗಳಲ್ಲಿ ಬಂದು ವರ್ಷಗಳೇ ಆಗಿವೆ. ಅಗ್ಗದ ಕ್ಯಾಮೆರಾಗಳಲ್ಲಿ ಇಲ್ಲದಿರುವುದು ಚಿಪ್ಪಿನ ಕೆಲವು ರೂಪಾಯಿ ಉಳಿಸುವುದಕ್ಕೆ. ಭಾರತ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿ, ಮುಂದಿನ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮಗಳ ಪ್ರಕಾರ ಇಲ್ಲಿ ಮಾರುವ ಸಿಸಿ ಕ್ಯಾಮೆರಾಗಳ ಭದ್ರತೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಸಹಿಯಿರುವ ಫರ್ಮ್‌ವೇರ್ ಮತ್ತು ಹಳೆಯ ಆವೃತ್ತಿಗೆ ಇಳಿಸದಂತೆ ತಡೆ ಎರಡೂ ಅದರಲ್ಲಿವೆ. ಒಳ್ಳೆಯ ನಿಯಮ. ಆದರೆ ಹಳೆಯದಕ್ಕೆ ಹೋಗಲು ಬಿಡದ ಮೇಲೆ, ಹೊಸದು ಕೆಟ್ಟಾಗ ಎಬ್ಬಿಸುವ ಫೈಲನ್ನು ಪ್ರತಿ ಮಾದರಿಗೂ ಬಹಿರಂಗವಾಗಿ ಕೊಡಬೇಕಾದ ಬಾಧ್ಯತೆ ತಯಾರಕರದ್ದು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಇಂಟರ್‌ನೆಟ್ಟಿಗೆ ಜೋಡಿಸುವ ಗೃಹೋಪಯೋಗಿ ಸಾಧನಗಳಿಗೆ ಕನಿಷ್ಠ ಎಲ್ಲಿಯವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ ಎಂಬುದನ್ನು ತಯಾರಕರು ಪ್ರಕಟಿಸಲೇಬೇಕು. ಆ ದಿನಾಂಕ ನಮ್ಮಲ್ಲಿ ಡಬ್ಬದ ಮೇಲೆ, ಬೆಲೆಯ ಪಕ್ಕದಲ್ಲೇ ಅಚ್ಚಾಗಬೇಕು.

ಅಲ್ಲಿಯವರೆಗೆ, ಕ್ಯಾಮೆರಾ ಹಾಕಿಸುವ ದಿನವೇ ನಾಲ್ಕು ವಿಷಯಗಳನ್ನು ಬರೆಸಿಕೊಳ್ಳಿ: ಪೂರ್ತಿ ಮಾದರಿ ಸಂಖ್ಯೆ, ಹಾರ್ಡ್‌ವೇರ್ ಆವೃತ್ತಿ, ಆ ದಿನದ ಫರ್ಮ್‌ವೇರ್ ಆವೃತ್ತಿ, ಮತ್ತು ಅಡ್ಮಿನ್ ಪಾಸ್‌ವರ್ಡ್. ಕೊನೆಯದನ್ನು ಹಾಕಿಕೊಟ್ಟವರು ತಮ್ಮಲ್ಲೇ ಇಟ್ಟುಕೊಳ್ಳುವುದು ವಾಡಿಕೆಯಾಗಿಬಿಟ್ಟಿದೆ. ಕೊಡಲು ಹಿಂಜರಿದರೆ ಬಾಕಿ ಹಣವನ್ನು ನೀವೂ ಹಿಂಜರಿದೇ ಕೊಡಿ.