ವಾತ್ಸಲ್ಯದ ದಿಕ್ಕು

ನಿವೃತ್ತಿಯ ಬೀಳ್ಕೊಡುಗೆ ಸಮಾರಂಭವೊಂದರಲ್ಲಿ, ಇನ್ನೂ 30 ದಾಟದ ಸಹೋದ್ಯೋಗಿಯೊಬ್ಬರು 60 ತುಂಬಿದ ಮೇಲಧಿಕಾರಿಯ ಬಗ್ಗೆ ‘ನನಗೆ ಅಪಾರ ವಾತ್ಸಲ್ಯವಿದೆ’ ಎಂದು ಗದ್ಗದಿತರಾಗಿ ಹೇಳಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನೊಬ್ಬನೇ ಹಲ್ಲು ಕಚ್ಚಿ ಕುಳಿತೆ. ಸಂಸ್ಕೃತದ ‘ವತ್ಸ’ ಎಂದರೆ ಕರು. ಹಸು ತನ್ನ ಕರುವನ್ನು ನೆಕ್ಕುವಾಗಿನ ಭಾವವೇ ವಾತ್ಸಲ್ಯವಾದ್ದರಿಂದ, ಅದು ತಾಯಿಯಿಂದ ಮಗುವಿನತ್ತ, ಗುರುವಿನಿಂದ ಶಿಷ್ಯನತ್ತ, ಯಶೋದೆಯಿಂದ ಕೃಷ್ಣನತ್ತ ಇಳಿಯುತ್ತದೆಯೇ ಹೊರತು ಮೇಲಕ್ಕೆ ಹರಿಯುವುದಿಲ್ಲ. ಹಿರಿಯರಿಗೆ ಸಲ್ಲಿಸಲು ಗೌರವ, ಆದರ, ಅಭಿಮಾನಗಳು ಇಲ್ಲವೇ? ಬರಿಯ ‘ಪ್ರೀತಿ’ ಎಂದಿದ್ದರೂ ಸಾಕಿತ್ತು, ಅದಕ್ಕೆ ವಯಸ್ಸಿನ ಹಂಗಿಲ್ಲ. ಸಮಾರಂಭ ಮುಗಿದ ಮೇಲೆ ಮೆಲ್ಲಗೆ ಇದನ್ನು ತಿಳಿಸಿದರೆ, ‘ಭಾವನೆ ಮುಖ್ಯ ಸರ್, ಪದ ಯಾವುದಾದರೇನು’ ಎಂಬ ಉತ್ತರ ಬಂತು. ನೆನಪಿನ ಫಲಕದ ಮೇಲೆಯೂ ಅದೇ ಪದವಿತ್ತು, ಅದೂ ಇಲ್ಲದ ದೀರ್ಘವೊಂದನ್ನು ಎಳೆದು ತಂದು ‘ವಾತ್ಸಾಲ್ಯ’ ಎಂದು ಕೆತ್ತಿಸಲಾಗಿತ್ತು.