ಫೈಲಿನೊಳಗಿನ ಹುಡುಗಿ

ಅಮೆರಿಕಕ್ಕೆ ಹೋಗಿ ಮನುಷ್ಯನ ಮನಸ್ಸು ಓದಬೇಕೆಂದರೆ, ಮೊದಲು ಎಲ್ಲೂ ಇಲ್ಲದ ಮನುಷ್ಯಳೊಬ್ಬಳನ್ನು ಕಾಗದದ ಮೇಲೆ ಹುಟ್ಟಿಸಬೇಕು. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಎದುರು ಮನೆಯ ಹುಡುಗಿ ಈ ಕೆಲಸಕ್ಕೆ ಕೈ ಹಾಕಿದಳು. ಸೂಲಗಿತ್ತಿತನಕ್ಕೆ ಎಂಸಿಸಿ ಬಿ ಬ್ಲಾಕಿನಲ್ಲಿ ಎಸಿ ಹಾಕಿಕೊಂಡು ಕೂತ ಕನ್ಸಲ್ಟೆನ್ಸಿಯವರೊಬ್ಬರು ಸಿಕ್ಕರು. "ಸೈಕಾಲಜಿ ಯಾಕಮ್ಮ? ಡೇಟಾ ಸೈನ್ಸ್ ತಗೋ. ಅದ್ರಾಗ ಮನಸ್ಸಿನ ತಂಟೇನೇ ಇಲ್ಲ, ಆರಾಮಿರ್ತೀಯ" ಎಂದು ಮೊದಲ ದಿನವೇ ಬುದ್ಧಿ ಹೇಳಿದರು. ಹುಡುಗಿ ಕೇಳಲಿಲ್ಲ.

ಶಿಫಾರಸು ಪತ್ರ ಮೂರು ಬೇಕು, ಅದೂ ಪಾಠ ಹೇಳಿದ ಮೇಷ್ಟ್ರುಗಳಿಂದ. ಮೊದಲನೆಯವರು, "ನೀನೇ ಬರಕೊಂಡು ಬಾರವ್ವ, ಸೈನ್ ಹಾಕ್ತೀನಿ" ಎಂದರು. ಎರಡನೆಯವರು ಇನ್ನೂ ಉದಾರಿ, ಸೈನನ್ನೂ ಸ್ಕ್ಯಾನ್ ಮಾಡಿ ವಾಟ್ಸಾಪಿಗೆ ಕಳಿಸಿಬಿಟ್ಟರು. ಮೂರನೆಯವರಿಗೆ ಈಕೆ ಯಾರೆಂಬುದೇ ನೆನಪಾಗಲಿಲ್ಲ. ಮೂರರಲ್ಲಿ ಅತಿ ಹೆಚ್ಚು ಹೊಗಳಿಕೆ ಇರುವ ಪತ್ರ ಅವರದೇ. ಮೂರೂ ಒಂದೇ ಕೈಯದು ಅನ್ನಿಸಬಾರದಲ್ಲ? ಹಾಗಾಗಿ ಒಬ್ಬರಿಗೆ ಉದ್ದುದ್ದ ವಾಕ್ಯ, ಇನ್ನೊಬ್ಬರಿಗೆ ಚುಟುಕು, ಮತ್ತೊಬ್ಬರಿಗೆ ಅಲ್ಲಲ್ಲಿ ಒಂದೆರಡು ವ್ಯಾಕರಣ ತಪ್ಪು. ಇಷ್ಟರಮಟ್ಟಿಗೆ ಮೂವರು ಮೇಷ್ಟ್ರ ವ್ಯಕ್ತಿತ್ವವನ್ನು ಅಳೆದು ಬರೆದವಳಿಗೆ ಸೈಕಾಲಜಿ ಡಿಗ್ರಿ ಅಲ್ಲೇ ಕೊಟ್ಟುಬಿಡಬಹುದಿತ್ತು.

ಪತ್ರ ಹಾಕುವ ಲಿಂಕು ಕಾಲೇಜಿನ ಹೆಸರಿರುವ ಇಮೇಲಿಗೇ ಬರಬೇಕಂತೆ, ಜಿಮೇಲ್ ಆದರೆ ಅಮೆರಿಕದ ಯೂನಿವರ್ಸಿಟಿಯವರಿಗೆ ಅನುಮಾನ. ತಮಗೂ ಅಂಥದ್ದೊಂದು ವಿಳಾಸ ಇದೆಯೆಂದು ಮೇಷ್ಟ್ರಿಗೆ ಗೊತ್ತಾದದ್ದು ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಸಮಿತಿ ಬಂದಾಗ. ಪಾಸ್‌ವರ್ಡ್ ಗೊತ್ತಿದ್ದ ಗೆಸ್ಟ್ ಲೆಕ್ಚರರ್ ಕೆಲಸ ಬಿಟ್ಟು ಹರಿಹರಕ್ಕೆ ಹೋಗಿದ್ದ. ಅವನನ್ನು ಹುಡುಕಿದ್ದೂ ಹುಡುಗಿಯೇ.

ಇದಕ್ಕೆಲ್ಲ ಕಳಶವಿಟ್ಟದ್ದು ಅರ್ಜಿಯಲ್ಲಿದ್ದ ಒಂದು ಸಣ್ಣ ಚೌಕ. ಅಮೆರಿಕದ 1974ರ ಫೆರ್ಪಾ ಕಾನೂನಿನಂತೆ ಅಲ್ಲಿ ಸೇರಿದ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕಿದೆ. ಆದರೆ ಶಿಫಾರಸು ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಟಿಕ್ ಹಾಕಿದರೆ ಪತ್ರಕ್ಕೆ ಬೆಲೆ ಜಾಸ್ತಿ, ಮೇಷ್ಟ್ರು ಯಾವ ಮುಲಾಜಿಲ್ಲದೆ ಬರೆದಿದ್ದಾರೆ ಎಂದು ನಂಬುತ್ತಾರೆ. ತಾನೇ ಬರೆದು, ತಾನೇ ಟೈಪಿಸಿ, ತಾನೇ ತಿದ್ದಿದ ಪತ್ರಗಳನ್ನು ಇನ್ನು ಮುಂದೆ ಕಣ್ಣೆತ್ತಿಯೂ ನೋಡುವುದಿಲ್ಲವೆಂದು ಹುಡುಗಿ ಟಿಕ್ ಹಾಕಿದಳು.

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವಳಿಗೆ ಇಂಗ್ಲಿಷ್ ಪರೀಕ್ಷೆಯೂ ಆಯಿತು. ಟೋಫೆಲ್ ಆಗಲಿ ಐಇಎಲ್‌ಟಿಎಸ್ ಆಗಲಿ, ಅಂಕ ಎರಡು ವರ್ಷಕ್ಕಷ್ಟೇ. ಆಮೇಲೆ ಇಂಗ್ಲಿಷ್ ಹಳಸುತ್ತದೆ.

ಇನ್ನು ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದರೆ ಈ ಓದು ಯಾಕೆ ಬೇಕೆಂದು ಹೇಳಿಕೊಳ್ಳುವ ಬರಹ. ಹುಡುಗಿ ಇದ್ದದ್ದು ಇದ್ದ ಹಾಗೆ ಬರೆದಳು: ಸೆಕೆಂಡ್ ಪಿಯುನಲ್ಲಿ ತಾನು ಖಿನ್ನತೆಗೆ ಬಿದ್ದದ್ದು, ಮನೆಯವರು ದೃಷ್ಟಿ ತೆಗೆಸಿದ್ದು, ಕೊನೆಗೆ ಡಾಕ್ಟರೊಬ್ಬರು ಮಾತಾಡಿಸಿದ್ದು, ಅದಕ್ಕೇ ಈ ಓದು ಬೇಕೆನಿಸಿದ್ದು. ಕನ್ಸಲ್ಟೆನ್ಸಿಯವರು ಕೆಂಪು ಪೆನ್ನಿನಲ್ಲಿ ಪೂರಾ ಪ್ಯಾರಾ ಹೊಡೆದುಹಾಕಿದರು. ಅವರನ್ನು ಬೈಯುವಂತಿಲ್ಲ. ಆಪಲ್‌ಬಿ ಎಂಬ ಇಬ್ಬರು ಸಂಶೋಧಕರು ಸೈಕಾಲಜಿ ವಿಭಾಗಗಳ ಪ್ರವೇಶ ಸಮಿತಿಯವರನ್ನೇ ಕೇಳಿ, ಯಾವುದರಿಂದ ಅರ್ಜಿ ಕೆಡುತ್ತದೆ ಎಂದು 2006ರಲ್ಲಿ ಪ್ರಕಟಿಸಿದ್ದಾರೆ. ಅರ್ಜಿದಾರರು ತಮ್ಮದೇ ಮಾನಸಿಕ ತೊಂದರೆ ಹೇಳಿಕೊಳ್ಳುವುದು ಅದರಲ್ಲೊಂದು. ಅಕ್ಟೋಬರ್ 10ಕ್ಕೆ ವಿಶ್ವ ಮಾನಸಿಕ ಆರೋಗ್ಯ ದಿನ: ಮನಸ್ಸು ಬಿಚ್ಚಿ ಮಾತಾಡಿ, ಸಂಕೋಚ ಬೇಡ. ಡಿಸೆಂಬರ್ 1ಕ್ಕೆ ಅರ್ಜಿಯ ಕೊನೇ ದಿನ: ಬಾಯಿ ಮುಚ್ಚಿಕೊಂಡಿರಿ.

"ಹಂಗಾದ್ರ ಕಷ್ಟ ಅಂತ ಏನ್ ಬರೀಲಿ ಸರ್?"

"ನಿಮ್ಮಜ್ಜ ಕಾಟನ್ ಮಿಲ್ಲಿನಾಗ ಇದ್ರಲ್ಲ, ಮಿಲ್ ಮುಚ್ಚಿ ಕೆಲಸ ಹೋತು ಅಂದ್ಯಲ್ಲ, ಅದನ್ನ ಹಾಕು. ಅದು ನಡೀತೈತಿ."

ಅಜ್ಜನ ದುಃಖಕ್ಕೆ ಮಾರ್ಕೆಟ್ಟಿದೆ, ಮೊಮ್ಮಗಳದ್ದಕ್ಕಿಲ್ಲ.

ಊರಿನ ಬಗ್ಗೆಯೂ ಒಂದು ಪುಟ ಬೇಕಿತ್ತು. ಬೇಡವೇ ಮತ್ತೆ? ಸೈಕಾಲಜಿಯ ದೊಡ್ಡ ಜರ್ನಲ್ಲುಗಳ ಪ್ರಯೋಗಗಳಿಗೆ ಸಿಕ್ಕವರಲ್ಲಿ ನೂರಕ್ಕೆ 96 ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು, ಆ ದೇಶಗಳಲ್ಲಿರುವುದು ಜಗತ್ತಿನ ನೂರಕ್ಕೆ 12 ಜನ ಎಂಬ ಲೆಕ್ಕವನ್ನು 2010ರಲ್ಲಿ ಹೆನ್ರಿಕ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಮುಂದಿಟ್ಟ ಮೇಲೆ, ಉಳಿದ ನಮ್ಮ ಮೇಲೂ ಕರುಣೆ ಹುಟ್ಟಿದೆ. "ದುರ್ಗಮ್ಮನ ಜಾತ್ರ್ಯಾಗ ಮೈಮೇಲೆ ಬರೋದನ್ನ ಬರೀ, ಪ್ರೊಫೆಸರ್ ಎದ್ದು ಕೂರ್ತಾರ" ಎಂದರು ಕನ್ಸಲ್ಟೆನ್ಸಿಯವರು. ಜಾತ್ರೆ ಎರಡು ವರ್ಷಕ್ಕೊಮ್ಮೆ. ಹುಡುಗಿ ನೋಡಿಯೇ ಇಲ್ಲ. ಜನ ಜಾಸ್ತಿ, ಗಾಡಿ ಹೋಗಲ್ಲ ಎಂದು ಮನೆಯವರು ಪ್ರತಿ ಸಲ ಅವಳನ್ನು ಮನೆಯಲ್ಲೇ ಇರಿಸಿಕೊಳ್ಳುತ್ತಾರೆ. ಫೈಲಿನೊಳಗಿನ ಹುಡುಗಿ ಮಾತ್ರ ಚಿಕ್ಕಂದಿನಿಂದ ಬೇವಿನುಡುಗೆಯ ನಡುವೆ ನಿಂತು ಮಾನವಪ್ರಜ್ಞೆಯ ಬಗ್ಗೆ ಯೋಚಿಸುತ್ತ ಬೆಳೆದಳು.

ಅರ್ಜಿ ಒಂದಕ್ಕೆ 75, 80, 100 ಡಾಲರ್ ಕಟ್ಟಿದ್ದಾಯಿತು. ಕ್ಲಿನಿಕಲ್ ಪಿಎಚ್‌ಡಿಗೆ ನೂರಾರು ಅರ್ಜಿ, ಸೀಟು ಬೆರಳೆಣಿಕೆ. ಅಲ್ಲೆಲ್ಲ ಬಹಳ ನಯವಾಗಿ ಇಲ್ಲವೆಂದರು. ಒಂದು ಮಾಸ್ಟರ್ಸ್‌ಗೆ ಕರೆ ಬಂತು. ಮೊದಲ ವರ್ಷದ ಖರ್ಚಿನಷ್ಟು ದುಡ್ಡು ತೋರಿಸಬೇಕಲ್ಲ, ಚನ್ನಗಿರಿಯ ದೊಡ್ಡಪ್ಪನ ಅಡಿಕೆ ದುಡ್ಡು ಅಪ್ಪನ ಖಾತೆಗೆ ಬಂದು, ಸ್ಟೇಟ್‌ಮೆಂಟ್ ತೆಗೆಯುವವರೆಗೆ ಕೂತಿದ್ದು, ಮರುದಿನ ಊರಿಗೆ ವಾಪಸ್ ಹೋಯಿತು.

ಉಳಿದದ್ದು ವೀಸಾ. ಅಲ್ಲಿಯ ವಲಸೆ ಕಾನೂನಿನ 214(ಬಿ) ಕಲಮಿನಂತೆ, ಓದಲು ಹೋಗುತ್ತೇನೆನ್ನುವ ಪ್ರತಿಯೊಬ್ಬರೂ ಅಲ್ಲೇ ಠಿಕಾಣಿ ಹೂಡಲು ಹೊರಟವರೆಂದೇ ಮೊದಲ ಲೆಕ್ಕ. ಅಲ್ಲವೆಂದು ಅವರೇ ಸಾಬೀತು ಮಾಡಬೇಕು. ಇತ್ತ ಅತ್ತೆಯಂದಿರೆಲ್ಲ "ಅಲ್ಲೇ ಸೆಟ್ಲ್ ಆಗಿಬಿಡವ್ವ" ಎಂದು ಹರಸಿ ಚೆನ್ನೈ ಬಸ್ಸು ಹತ್ತಿಸಿದ್ದರು.

ಚೆನ್ನೈನ ಅಮೆರಿಕ ಕಾನ್ಸುಲೇಟಿನ ಕಿಟಕಿಯಾಚೆ ಕೂತವರು ಪತ್ರ ನೋಡಲಿಲ್ಲ, ಅಜ್ಜನನ್ನು ಕೇಳಲಿಲ್ಲ, ದುರ್ಗಮ್ಮನನ್ನಂತೂ ಕೇಳಲೇ ಇಲ್ಲ. ಓದಿದ ಮೇಲೆ ಏನು ಮಾಡ್ತೀಯ ಎಂದರು. "ದಾವಣಗೆರೆಗೆ ವಾಪಸ್ ಬಂದು ಕೌನ್ಸೆಲಿಂಗ್ ಸೆಂಟರ್ ಹಾಕ್ತೀನಿ" ಎಂದಳು. ಇಡೀ ಫೈಲಿನಲ್ಲಿ ಯಾರೂ ಹೇಳಿಕೊಡದೆ ಅವಳ ಬಾಯಿಂದ ಬಂದ ಮಾತು ಅದೊಂದೇ. ಎರಡು ನಿಮಿಷದಲ್ಲಿ ವೀಸಾ ಇಲ್ಲವೆನ್ನುವ 214(ಬಿ) ಚೀಟಿ ಕೈಗೆ ಬಂತು.

ಕನ್ಸಲ್ಟೆನ್ಸಿಯವರು ಫೋನಿನಲ್ಲೇ ತಲೆ ಚಚ್ಚಿಕೊಂಡರು. "ಹಂಗ ಹೇಳಿದ್ರ ಯಾರು ನಂಬ್ತಾರಮ್ಮ? ಮುಂದಿನ ಸಲ ಆನ್ಸರ್ ನಾನು ಬರಕೊಡ್ತೀನಿ, ಬಾ."